ದ್ವೀಪದ ಸ್ತ್ರೀಯರೂ ನಮ್ಮ ಸೀಮೆಯ ಸ್ತ್ರೀಯರೂ: ಆಯುಃಪ್ರಮಾಣದ ಒಂದು ಪಾಠ

ದ್ವೀಪವೆಂದರೆ ನಾಲ್ಕು ಕಡೆಯೂ ನೀರಿನಿಂದ ಸುತ್ತುವರಿಯಲ್ಪಟ್ಟ ಭೂಮಿಯೆಂದು ಭೂಗೋಳದ ಪಾಠದಲ್ಲಿ ಕಲಿಸುತ್ತೇವೆ. ಜನಸಂಖ್ಯೆಯನ್ನು ಅಭ್ಯಸಿಸುವವರಿಗೆ ದ್ವೀಪವು ಇನ್ನೊಂದು ಬಗೆಯಲ್ಲಿ ಉಪಕಾರಿಯಾದುದು. ಅಲ್ಲಿ ಎಲ್ಲೆಯು ಸ್ಪಷ್ಟವಾಗಿರುವುದರಿಂದ ಜನನ ಮರಣಗಳ ಲೆಕ್ಕವು ಚೆನ್ನಾಗಿ ದೊರೆಯುವುದು. ನಮ್ಮ ನೆರೆಯ ಸಿಂಹಳದಲ್ಲಿ ಈ ಲೆಕ್ಕವನ್ನು ಹತ್ತೊಂಬತ್ತನೆಯ ಶತಮಾನದಿಂದಲೇ ಬರೆದಿಡುತ್ತ ಬಂದಿದ್ದಾರೆ.

1946ರಲ್ಲಿ ಅಲ್ಲಿನ ಗಂಡಸರ ಸರಾಸರಿ ಆಯುಸ್ಸು ಸುಮಾರು 44 ವರ್ಷ. ಹೆಂಗಸರದು 42ಕ್ಕೂ ಕಡಿಮೆ. 1967ರಲ್ಲಿ ಗಂಡಸರದು 65ರ ಸಮೀಪ, ಹೆಂಗಸರದು 67ರ ಸಮೀಪ. ಇಪ್ಪತ್ತೊಂದು ವರ್ಷಗಳಲ್ಲಿ ಆಯುಸ್ಸು ಹೆಚ್ಚಿದ್ದಲ್ಲದೆ, ಹಿಂದಿದ್ದವರು ಮುಂದಾದರು.

ಇಲ್ಲಿ ವಾಚಕರು ಸರಾಸರಿಯ ಅರ್ಥವನ್ನು ತಿಳಿದಿರಬೇಕು. ಸರಾಸರಿ 42 ಎಂದರೆ ಎಲ್ಲರೂ ಆ ವಯಸ್ಸಿಗೇ ಮೃತರಾದರೆಂದಲ್ಲ. ಒಂದು ಶಿಶುವು ತೊಟ್ಟಿಲಲ್ಲಿಯೇ ತೀರಿಕೊಂಡು, ಇನ್ನೊಬ್ಬಳು 84 ವರ್ಷ ಬಾಳಿದರೂ ಸರಾಸರಿಯು 42 ಆಗುವುದು. ಹಿಂದಿನ ಕಾಲದಲ್ಲಿಯೂ ಮುದುಕಿಯರು ಇದ್ದರು. ಆದರೆ ಶೈಶವವನ್ನೂ ಹೆರಿಗೆಗಳನ್ನೂ ದಾಟಿ ಮುಪ್ಪಿಗೆ ಸೇರಿದವರು ಕೆಲವರೇ.

ಸಿಂಹಳದಲ್ಲಿ ಆದ ಬದಲಾವಣೆಗೆ ಮಲೇರಿಯಾ ಜ್ವರದ ನಿಗ್ರಹವು ಒಂದು ಕಾರಣ. ಈ ಜ್ವರವು ಗರ್ಭಿಣಿಯರ ರಕ್ತವನ್ನು ಕ್ಷೀಣಗೊಳಿಸಿ ಹೆರಿಗೆಯನ್ನು ಅಪಾಯಕರವಾಗಿ ಮಾಡುವುದು. ಗ್ರಾಮಗಳಲ್ಲಿ ಶಿಕ್ಷಣ ಹೊಂದಿದ ಸೂಲಗಿತ್ತಿಯರು ದೊರೆತುದು ಇನ್ನೊಂದು. 1945ರಿಂದ ಉಚಿತವಾದ ವಿದ್ಯಾಭ್ಯಾಸವನ್ನು ಮೂರನೆಯದಾಗಿ ಹೇಳಬೇಕು. ಅಧ್ಯಾಪಕಿಯಾದುದರಿಂದ ನಾನು ಇದಕ್ಕೆ ಹೆಚ್ಚು ತೂಕ ಕೊಡುತ್ತಿರುವೆನೆಂದು ಯಾರಾದರೂ ಹೇಳಬಹುದು. ಆದರೆ ಓದಬಲ್ಲ ತಾಯಿಯು ವೈದ್ಯರ ಬಳಿಗೆ ಬೇಗ ಹೋಗುವಳೆಂಬುದು ಅನೇಕ ದೇಶಗಳಲ್ಲಿ ಕಂಡುಬಂದ ಸಂಗತಿ.

ಗುಬ್ಬಿ, ಕುಣಿಗಲು, ಸಿ.ಎಸ್. ಪುರದ ಸೀಮೆಗೆ ಸಮುದ್ರವು ಬಲು ದೂರ. ಆದರೂ ನಮ್ಮ ಕಥೆಯು ಬೇರೆಯಲ್ಲ, ತಡವಾದುದು ಮಾತ್ರ. ಮೈಸೂರು ಸಂಸ್ಥಾನದಲ್ಲಿ 8 ವರ್ಷ ತುಂಬದ ಹುಡುಗಿಯರ ವಿವಾಹವನ್ನು ನಿಷೇಧಿಸುವ ಕಾಯಿದೆಯು 1894ರಲ್ಲಿ ಬಂದಿತು. ಎಂಟು ಎಂಬ ಆ ಅಂಕೆಯೇ ಅಂದಿನ ಸ್ಥಿತಿಯನ್ನು ತಿಳಿಸುವುದು. 1906ರಲ್ಲಿ ಮೈಸೂರಿನಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಮಿಷನ್ ಆಸ್ಪತ್ರೆಯು, 1935ರಲ್ಲಿ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆಯು ತೆರೆಯಲ್ಪಟ್ಟವು. 1941–50ರ ದಶಕದಲ್ಲಿ ಭಾರತದ ಸ್ತ್ರೀಯರ ಆಯುಸ್ಸು ಇನ್ನೂ 32 ವರ್ಷವನ್ನು ಮುಟ್ಟಿರಲಿಲ್ಲ. ಅದು ಪುರುಷರದಕ್ಕಿಂತ ಕಡಿಮೆಯೂ ಆಗಿತ್ತು. 2014–18ರಲ್ಲಿ ಕರ್ನಾಟಕದ ಸ್ತ್ರೀಯರದು ಸುಮಾರು 71, ಪುರುಷರದು 68. ಲಕ್ಷ ಜನನಗಳಿಗೆ ಮೃತರಾಗುವ ತಾಯಂದಿರ ಸಂಖ್ಯೆಯು 2001–03ರಲ್ಲಿ 228 ಇದ್ದುದು 2018–20ರಲ್ಲಿ 69ಕ್ಕೆ ಇಳಿಯಿತು.

ಇಷ್ಟಕ್ಕೆ ಸಂತೋಷಪಟ್ಟು ಸುಮ್ಮನಾಗುವಂತಿಲ್ಲ. ಪತ್ನಿಯು ಸಾಮಾನ್ಯವಾಗಿ ಪತಿಗಿಂತ ಕಿರಿಯಳು. ಮೇಲಾಗಿ ಹೆಚ್ಚು ಕಾಲ ಬದುಕುವಳು. ಆದುದರಿಂದ ಹೆಚ್ಚಾಗಿ ದೊರೆತ ವರ್ಷಗಳಲ್ಲಿ ಬಹುಭಾಗವನ್ನು ಆಕೆ ವಿಧವೆಯಾಗಿ ಕಳೆಯಬೇಕಾಗುವುದು. ಮಗಳ ಮದುವೆಯ ಖರ್ಚನ್ನು ಪೈಸೆ ಬಿಡದೆ ಲೆಕ್ಕಹಾಕುವ ತಂದೆತಾಯಿಗಳು ಆ ವರ್ಷಗಳನ್ನು ಲೆಕ್ಕಕ್ಕೆ ಸೇರಿಸುವುದು ಅಪರೂಪ. ಹೊಲದ ಖಾತೆಯಲ್ಲಿ ಆಕೆಯ ಹೆಸರಿದೆಯೇ? ಬ್ಯಾಂಕಿನ ಪುಸ್ತಕವು ಆಕೆಯ ಕೈಯಲ್ಲಿದೆಯೇ?

65 ವರ್ಷ ದಾಟಿದ ಬಡವರಿಗಾಗಿ ಕರ್ನಾಟಕ ಸರ್ಕಾರವು 2007ರಲ್ಲಿ ಸಂಧ್ಯಾ ಸುರಕ್ಷಾ ಎಂಬ ಮಾಸಾಶನವನ್ನು ಆರಂಭಿಸಿತು. ಅದಕ್ಕೆ ವಯಸ್ಸಿನ ಆಧಾರ ಬೇಕು. ಶಾಲೆಗೆ ಸೇರಿದವಳ ಜನ್ಮದಿನವು ದಾಖಲೆಯ ಪುಸ್ತಕದಲ್ಲಿರುವುದು. ಹಳೆಯ ವಿದ್ಯಾರ್ಥಿನಿಯರು ತಮ್ಮ ದೃಢೀಕರಣ ಪತ್ರವನ್ನು ಈಗಲೇ ಪಡೆದು ಜೋಪಾನವಾಗಿಡುವುದು ಒಳ್ಳೆಯದು. ಶಾಲೆಯನ್ನೇ ಕಾಣದ ಅಕ್ಕ, ಅತ್ತಿಗೆಯರು ಮನೆಯಲ್ಲಿದ್ದರೆ ಅವರಿಗೆ ಬೇಕಾದ ಅರ್ಜಿಯನ್ನು ಬರೆದುಕೊಡಬಹುದು.