ಹೃದಯಧಮನಿ ಚಿಕಿತ್ಸೆಯ ತರುವಾಯ ಮೂಲಿಕೆಗಳ ಸ್ಥಾನ

ಬೃಹದಾರಣ್ಯಕೋಪನಿಷತ್ತು ‘ಹೃದಯ’ ಶಬ್ದವನ್ನು ಹೃ, ದ, ಯ ಎಂಬ ಮೂರು ಅಕ್ಷರಗಳಾಗಿ ಬಿಡಿಸಿ ವಿವರಿಸಿದೆ. ತರುವುದು, ಕೊಡುವುದು, ಸಾಗುವುದು ಎಂಬ ಮೂರು ಕ್ರಿಯೆಗಳನ್ನು ವಿದ್ವಾಂಸರು ಈ ಅಕ್ಷರಗಳಲ್ಲಿ ಕಾಣುವುದುಂಟು. ಶರೀರಶಾಸ್ತ್ರಕ್ಕೂ ಈ ಅರ್ಥ ಚೆನ್ನಾಗಿ ಹೊಂದುತ್ತದೆ. ಹೃದಯವು ರಕ್ತವನ್ನು ಬರಮಾಡಿಕೊಳ್ಳುತ್ತದೆ, ಸರ್ವಾಂಗಗಳಿಗೆ ಕೊಡುತ್ತದೆ, ಕ್ಷಣಕಾಲವೂ ನಿಲ್ಲದೆ ಸಾಗುತ್ತದೆ. ಆದರೆ ಎಲ್ಲರಿಗೂ ಹಂಚುವ ಈ ದಾಸೋಹಿಗೆ ತನ್ನ ಪೋಷಣೆಗೂ ರಕ್ತ ಬೇಕು. ಅದನ್ನೊಯ್ಯುವ ಸಣ್ಣ ಧಮನಿಗಳಲ್ಲಿ ಜಿಡ್ಡು ಕಟ್ಟಿ ದಾರಿ ಇಕ್ಕಟ್ಟಾದಾಗ ಎದೆನೋವು ಕಾಣಿಸಿಕೊಳ್ಳುತ್ತದೆ. ದಾರಿ ಪೂರ್ಣ ಮುಚ್ಚಿದಾಗ ಹೃದಯಾಘಾತವಾಗುತ್ತದೆ.

1977ರ ಸೆಪ್ಟೆಂಬರ್ 16ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಜಿಗ್ ಎಂಬ ವೈದ್ಯರು ಎದೆಯನ್ನು ಸೀಳದೆಯೇ, ಪುಟ್ಟ ಬಲೂನನ್ನು ನಾಳದ ಮೂಲಕ ಕಳುಹಿಸಿ ಹೃದಯಧಮನಿಯ ಇಕ್ಕಟ್ಟನ್ನು ಬಿಡಿಸಿದರು. ತೆರೆದ ದಾರಿ ಮತ್ತೆ ಕುಸಿಯದಂತೆ ಲೋಹದ ಜಾಲರಿಯನ್ನು, ಅಂದರೆ ಸ್ಟೆಂಟನ್ನು, ಇರಿಸುವ ಕ್ರಮ 1986ರಲ್ಲಿ ಆರಂಭವಾಯಿತು. ಈಗ ಹುಬ್ಬಳ್ಳಿ, ಬೆಳಗಾವಿಗಳಲ್ಲಿಯೂ ಈ ಚಿಕಿತ್ಸೆ ನಡೆಯುತ್ತದೆ. ಹೊಂಬಳದಂಥ ಗ್ರಾಮದಿಂದ ಹೋದ ರೋಗಿಯು ಕೆಲವೇ ದಿನಗಳಲ್ಲಿ ಮನೆಗೆ ಮರಳಬಹುದು. ನಿಜವಾದ ಪ್ರಶ್ನೆ ಆಗ ಏಳುತ್ತದೆ. ‘ದಾರಿ ತೆರೆಯಿತು, ನೋವು ಹೋಯಿತು, ಇನ್ನು ಗುಳಿಗೆ ಏಕೆ? ಕಷಾಯ ಸಾಲದೆ?’ ಎಂಬ ಮಾತು ಕಟ್ಟೆಯ ಮೇಲೆ ಸಹಜವಾಗಿಯೇ ಬರುತ್ತದೆ. ಇದರ ಉತ್ತರದಲ್ಲಿ ಒಂದು ಜೀವವೇ ಅಡಗಿದೆ.

ಸ್ಟೆಂಟ್ ಇಕ್ಕಟ್ಟಾದ ಒಂದೆಡೆಯನ್ನು ತೆರೆಯುತ್ತದೆಯೇ ಹೊರತು ಜಿಡ್ಡು ಕಟ್ಟುವ ರೋಗವನ್ನು ಕೀಳುವುದಿಲ್ಲ. ಮೇಲಾಗಿ ಆ ಲೋಹವು ಶರೀರಕ್ಕೆ ಹೊರಗಿನ ವಸ್ತು. ಧಮನಿಯ ಒಳಪೊರೆ ಅದರ ಮೇಲೆ ಬೆಳೆದು ಮುಚ್ಚಲು ತಿಂಗಳುಗಳು ಬೇಕು. ಆವರೆಗೆ ಅಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ. ಆದುದರಿಂದಲೇ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮುಂತಾದ ಎರಡು ಔಷಧಗಳನ್ನು ಜೊತೆಯಾಗಿ ಸಾಮಾನ್ಯವಾಗಿ 6ರಿಂದ 12 ತಿಂಗಳು ಕೊಡುತ್ತಾರೆ. ಅನಂತರವೂ ಒಂದನ್ನು, ಅದರೊಡನೆ ಕೊಬ್ಬನ್ನು ತಗ್ಗಿಸುವ ಗುಳಿಗೆಯನ್ನು ಮುಂದುವರಿಸುತ್ತಾರೆ.

ಚೀನಾದ ಅನುಭವ

ಈ ದೀರ್ಘಕಾಲದ ಚೇತರಿಕೆಯಲ್ಲಿ ದೇಶೀಯ ವೈದ್ಯದ ಪಾತ್ರವೇನೆಂಬುದನ್ನು ಚೀನಾ ದೇಶ ಬಹುವಾಗಿ ವಿಚಾರಿಸಿದೆ. ನಮ್ಮ ನೆರೆಯ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸರು 1938ರಲ್ಲಿ ಸೇವೆಗೆಂದು ತೆರಳಿ, 1942ರಲ್ಲಿ ದೇಹವಿಟ್ಟ ನಾಡು ಅದು. ಅಲ್ಲಿಯ ಪ್ರಾಚೀನ ವೈದ್ಯರು ಎದೆನೋವನ್ನು ‘ರಕ್ತದ ಸ್ತಬ್ಧತೆ’ಯಿಂದ ವಿವರಿಸಿದರು. ಆಯುರ್ವೇದದ ‘ಸ್ರೋತೋರೋಧ’ವನ್ನು ಬಲ್ಲವರಿಗೆ ಈ ಭಾವನೆ ಅಪರಿಚಿತವಲ್ಲ. ರಕ್ತಸಂಚಾರಕ್ಕೆ ‘ದಾನ್‌ಶೆನ್’ ಎಂಬ ಕೆಂಪು ಬೇರನ್ನು ಅವರು ಬಹುಕಾಲದಿಂದ ಬಳಸಿದ್ದಾರೆ.

ಹಳೆಯದೆಂಬ ಕಾರಣಕ್ಕೆ ಒಪ್ಪದೆ ಪರೀಕ್ಷೆಗೆ ಒಡ್ಡಿದುದು ಅಲ್ಲಿಯ ವಿಶೇಷ. ‘ಟೊಂಗ್‌ಶಿನ್‌ಲುವೊ’ ಎಂಬ ಸಂಯುಕ್ತ ಔಷಧವನ್ನು ಅಲ್ಲಿಯ 124 ಆಸ್ಪತ್ರೆಗಳಲ್ಲಿ, ತೀವ್ರ ಹೃದಯಾಘಾತವಾದ 3,777 ರೋಗಿಗಳ ಮೇಲೆ ಪರೀಕ್ಷಿಸಿದ ವರದಿ 2023ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ಅದರಂತೆಯೇ ಕಾಣುವ ನಿರ್ವೀರ್ಯ ಗುಳಿಗೆ. 30 ದಿನಗಳಲ್ಲಿ ಮರಣ, ಮರು ಆಘಾತ, ಪಾರ್ಶ್ವವಾಯು ಮೊದಲಾದ ವಿಪತ್ತುಗಳು ಔಷಧ ಪಡೆದವರಲ್ಲಿ ಶೇ. 3.4ರಷ್ಟು, ಪಡೆಯದವರಲ್ಲಿ ಶೇ. 5.2ರಷ್ಟು ಕಂಡವು. ವರ್ಷಾಂತ್ಯಕ್ಕೆ ಈ ಅಂಕಿಗಳು ಕ್ರಮವಾಗಿ 5.3 ಮತ್ತು 8.3. ಆದರೆ ಇಲ್ಲಿ ಮರೆಯಬಾರದ ಸಂಗತಿಯೊಂದಿದೆ. ಎರಡೂ ಗುಂಪಿನವರಿಗೆ ಆಧುನಿಕ ಚಿಕಿತ್ಸೆ ಯಥಾವತ್ತಾಗಿ ನಡೆದೇ ಇತ್ತು. ಈ ಸಂಯುಕ್ತ ಔಷಧ ಬಂದುದು ಅದರ ಜೊತೆಗೆ, ಅದರ ಬದಲಿಗೆ ಅಲ್ಲ. ಒಂದೇ ದೇಶದ ಈ ಫಲಿತಾಂಶ ಇತರ ದೇಶಗಳಲ್ಲಿಯೂ ಸ್ಥಿರಪಡಬೇಕಾಗಿದೆ.

ನಮ್ಮ ಹೊಳೆಮತ್ತಿ

ಚರಕಸಂಹಿತೆಯು ಹೃದ್ರೋಗವನ್ನು ವಾತ, ಪಿತ್ತ, ಕಫ, ತ್ರಿದೋಷ, ಕೃಮಿ ಎಂಬ ಕಾರಣಗಳಿಂದ ಐದಾಗಿ ವಿಂಗಡಿಸಿದೆ. ಅರ್ಜುನ ವೃಕ್ಷದ ತೊಗಟೆಯನ್ನು ಹಾಲಿನಲ್ಲಿ ಬೇಯಿಸಿ ಹೃದ್ರೋಗಕ್ಕೆ ಕೊಡುವ ಕ್ರಮವನ್ನು 11ನೆಯ ಶತಮಾನದ ಚಕ್ರಪಾಣಿದತ್ತನು ಹೇಳಿದ್ದಾನೆ. ಕನ್ನಡದಲ್ಲಿ ಈ ಮರಕ್ಕೆ ಹೊಳೆಮತ್ತಿ, ನೀರುಮತ್ತಿ, ಬಿಳಿಮತ್ತಿ ಎಂಬ ಹೆಸರುಗಳಿವೆ. ಹೊಳೆಯ ದಂಡೆಯಲ್ಲಿ ಬೆಳೆಯುವುದರಿಂದ ಮೊದಲೆರಡು, ನುಣುಪಾದ ಬಿಳಿಚು ತೊಗಟೆಯಿಂದ ಮೂರನೆಯದು. ಕರಿಮತ್ತಿಯು ಇದರ ದಾಯಾದಿ. ಅದರ ತೊಗಟೆ ಒರಟು, ಕಪ್ಪು, ಬಿರುಕುಬಿಟ್ಟದ್ದು. ಬರಿದೆ ‘ಮತ್ತಿ’ ಎಂದರೆ ಯಾವುದೆಂಬುದೇ ತಿಳಿಯದು. ವಿಶೇಷಣವೊಂದು ಬಿಟ್ಟುಹೋದರೆ ಮದ್ದೇ ಬದಲಾಗುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಅರ್ಜುನದ ಪರೀಕ್ಷೆಗಳೂ ನಡೆದಿವೆ. ಎದೆನೋವಿನ ಕೆಲವು ರೋಗಿಗಳಲ್ಲಿ ಉಪಶಮನ ಕಂಡ ಚಿಕ್ಕ ವರದಿಗಳಿವೆ; ದುರ್ಬಲಗೊಂಡ ಹೃದಯದ ಬಲವನ್ನು ಅದು ಹೆಚ್ಚಿಸಲಿಲ್ಲವೆಂಬ ವರದಿಯೂ ಇದೆ. ಚೀನಾದಂತೆ ಸಾವಿರಾರು ರೋಗಿಗಳ ಪರೀಕ್ಷೆ ಇದಕ್ಕೆ ಆಗಬೇಕು. ಯೋಗದ ವಿಷಯದಲ್ಲಿ ಭಾರತವು ಅಂಥ ಕಾರ್ಯವನ್ನು ಮಾಡಿ ತೋರಿಸಿದೆ. 24 ಕೇಂದ್ರಗಳಲ್ಲಿ 3,959 ಹೃದಯಾಘಾತ ರೋಗಿಗಳನ್ನು ಒಳಗೊಂಡ ಪರೀಕ್ಷೆಯ ವರದಿ 2020ರಲ್ಲಿ ಪ್ರಕಟವಾಯಿತು. ಯೋಗಾಭ್ಯಾಸದಿಂದ ಮರು ಆಘಾತಗಳು ನಿಶ್ಚಿತವಾಗಿ ತಗ್ಗಿದವೆಂದು ಸಿದ್ಧವಾಗಲಿಲ್ಲ. ಆದರೆ ಅಭ್ಯಾಸಿಗಳ ಸ್ವಾಸ್ಥ್ಯಭಾವನೆ ಹೆಚ್ಚಿತು. ನಿತ್ಯದ ಕೆಲಸಗಳಿಗೆ ಮರಳುವುದು ಸುಲಭವಾಯಿತು. ಇದ್ದುದನ್ನು ಇದ್ದಂತೆ ಹೇಳುವುದೇ ಶಾಸ್ತ್ರಕ್ಕೆ ಗೌರವ.

ಪಥ್ಯ ಮತ್ತು ಎಚ್ಚರ

ಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವಲ್ಲ. ದಾನ್‌ಶೆನ್ ಬೇರನ್ನು ವಾರ್ಫರಿನ್ ಎಂಬ ಔಷಧದೊಡನೆ ಸೇವಿಸಿದವರಲ್ಲಿ ರಕ್ತಸ್ರಾವ ಮಿತಿಮೀರಿದ ಪ್ರಸಂಗಗಳು ದಾಖಲಾಗಿವೆ. ಆದಕಾರಣ ಯಾವುದೇ ಕಷಾಯ, ಚೂರ್ಣ, ಭಸ್ಮಗಳನ್ನು ಸೇವಿಸುವವರು ಅದನ್ನು ಹೃದಯವೈದ್ಯರಿಗೆ ಮರೆಮಾಚಬಾರದು. ಸ್ಟೆಂಟ್ ಇರುವುದನ್ನು ಆಯುರ್ವೇದ ವೈದ್ಯರಿಗೂ ಮರೆಮಾಚಬಾರದು. ವೈದ್ಯರ ಅಪ್ಪಣೆಯಿಲ್ಲದೆ ಗುಳಿಗೆಯನ್ನು ಒಂದು ದಿನವೂ ನಿಲ್ಲಿಸಬಾರದು.

ಪಥ್ಯದಲ್ಲಿ ಮಾತ್ರ ಎರಡೂ ವೈದ್ಯಗಳಿಗೆ ಭೇದವಿಲ್ಲ. ಜೋಳದ ರೊಟ್ಟಿ, ಕಾಳಿನ ಪಲ್ಲೆ, ಹಸಿ ಸೊಪ್ಪು ಈ ಸೀಮೆಯ ಹಿರಿಯರ ನಿತ್ಯಾಹಾರವಾಗಿದ್ದವು. ಅವು ಹೃದಯಕ್ಕೆ ಹಿತ. ಉಪ್ಪಿನಕಾಯಿ, ಹಪ್ಪಳ, ಎಣ್ಣೆಯಲ್ಲಿ ಕರಿದ ಮಿರ್ಚಿ ಭಜಿಗಳಿಗೆ ಮಿತಿಯಿರಲಿ. ಬೀಡಿ, ತಂಬಾಕು, ಗುಟಖಾಗಳಿಗೆ ಮಿತಿಯಲ್ಲ, ನಿಷೇಧವೇ ಸರಿ. ವೈದ್ಯರು ಒಪ್ಪಿದ ಮೇಲೆ ದಿನವೂ ನಡಿಗೆ ಇರಬೇಕು.

ಔಷಧಸಸ್ಯಗಳಿಗೆ ಹೆಸರಾದ, 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಪ್ಪತಗುಡ್ಡ ಈ ಜಿಲ್ಲೆಯಲ್ಲಿಯೇ ಇದೆ. ತೊಗಟೆಗಾಗಿ ಮರವನ್ನು ಸುತ್ತಲೂ ಸುಲಿದರೆ ಮರವೇ ಸಾಯುತ್ತದೆ. ದಾನಿಗಳು ಶಾಲೆಯ ಅಂಗಳದಲ್ಲಿ ಹೊಳೆಮತ್ತಿಯೊಂದನ್ನು ನೆಡಿಸಲಿ. ಶಿಕ್ಷಕರು ಅದರ ಹೆಸರು, ಗುಣ, ಮಿತಿಗಳನ್ನು ಮಕ್ಕಳಿಗೆ ತಿಳಿಸಲಿ. ವೈದ್ಯರಾದ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಚಿಕಿತ್ಸೆ ಪಡೆದ ಹಿರಿಯರ ಗುಳಿಗೆಯ ಚೀಟಿಯನ್ನೊಮ್ಮೆ ಓದಿ ವಿವರಿಸಲಿ. ಪರಂಪರೆಯ ಮೇಲಿನ ಪ್ರೀತಿಗೂ ಜೀವದ ಮೇಲಿನ ಕಾಳಜಿಗೂ ವಿರೋಧವಿಲ್ಲ. ವಿವೇಕವು ಅವೆರಡನ್ನೂ ಕೂಡಿಸುತ್ತದೆ.