ಹಾರ್ಡ್ ಡಿಸ್ಕ್ ವಿಭಜನೆ: ಲೆಕ್ಕಪತ್ರಗಳ ರಕ್ಷಣೆಗೆ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುದರಿಂದ ನಮ್ಮಲ್ಲಿ ಅನೇಕರು ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿಸುತ್ತಿದ್ದೇವೆ. ಆಗ ‘ಸಿ’ ಡ್ರೈವನ್ನು ಅಳಿಸಿದರೆ ಅದರಲ್ಲಿರುವ ಅಡಿಕೆ ಮಾರಾಟದ ಪಟ್ಟಿ, ಆಳುಗಳ ಬಟವಾಡೆ ಲೆಕ್ಕ, ಪಹಣಿ ಪ್ರತಿ ಎಲ್ಲವೂ ಹೋಗುತ್ತವೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಸಾಮಾನ್ಯವಾಗಿ ಇರುವುದೂ ಅಲ್ಲಿಯೇ. ಉಗ್ರಾಣ ಬೇರೆ ಇದ್ದರೆ ಮನೆಯ ಹೆಂಚು ಇಳಿಸುವಾಗ ಅಡಿಕೆ ನೆನೆಯುವ ಭಯವಿಲ್ಲ. ಇಲ್ಲಿಯೂ ಅದೇ ಕ್ರಮ.

1. ಮೊದಲು ಎಲ್ಲ ಕಡತಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿರಿ.

2. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು, ‘ಶ್ರಿಂಕ್ ವಾಲ್ಯೂಮ್’ ಮೂಲಕ ‘ಸಿ’ಯನ್ನು ಕುಗ್ಗಿಸಿ, ತೆರವಾದ ಜಾಗದಲ್ಲಿ ಹೊಸ ಡ್ರೈವ್ ಮಾಡಿರಿ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಬೇಕು. ‘ಸಿ’ಗೆ 150 ಉಳಿಸುವುದು ಕ್ಷೇಮ.

3. ಲೆಕ್ಕಪತ್ರಗಳನ್ನು ಹೊಸ ಡ್ರೈವಿಗೆ ಸಾಗಿಸಿರಿ. ಎರಡರ ಗಾತ್ರವನ್ನೂ ಪುಸ್ತಕದಲ್ಲಿ ಬರೆದಿಡಿರಿ.

4. ವಿಂಡೋಸ್ ಹಾಕುವಾಗ ಪರದೆಯಲ್ಲಿ ‘ಸಿ’, ‘ಡಿ’ ಎಂಬ ಅಕ್ಷರ ಕಾಣದು. ಗಾತ್ರ ನೋಡಿ ಗುರುತಿಸಿ, ಹಳೆಯ ವಿಂಡೋಸ್ ಇರುವ ಭಾಗವನ್ನು ಮಾತ್ರ ಅಳಿಸಬೇಕು. ರಿಪೇರಿಯವರಿಗೆ ಇದನ್ನು ಮೊದಲೇ ಹೇಳಿರಿ.

ಒಂದು ಎಚ್ಚರಿಕೆ: ಸಿಡಿಲಿಗೆ ಡಿಸ್ಕೇ ಸುಟ್ಟರೆ ಎರಡು ಭಾಗಗಳೂ ಹೋದಂತೆ. ಆದ್ದರಿಂದ ವಿಭಜನೆಯಾದ ಮೇಲೂ ಹೊರಗಿನ ನಕಲನ್ನು ನಾವು ತಿಂಗಳಿಗೊಮ್ಮೆ ಹೊಸದು ಮಾಡುತ್ತಿರಲೇಬೇಕು.