ತಿಳಿನೀರು, ಸಿಹಿನೀರು, ಶುದ್ಧ ನೀರು



ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ತಿರುಳುಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣನಗರವೂ ಒಂದು. ಅದೇ ನಮ್ಮ ಇಂದಿನ ಕೊಪ್ಪಳ. ಇಂತಹ ಊರಿನವರಿಗೆ ಮಾತಿನ ಅರ್ಥ ಹೇಳಿಕೊಡಲು ಹೊರಡುವುದು ಸ್ವಲ್ಪ ಅಧಿಕಪ್ರಸಂಗವೇ ಸರಿ. ಆದರೂ ದಿನನಿತ್ಯದ ಬಳಕೆಯಲ್ಲಿ ನಾವು ಒಂದರ ಬದಲು ಇನ್ನೊಂದನ್ನು ಆಡುವ ಕೆಲವು ಮಾತುಗಳಿವೆ. ಬೇರೆಡೆ ಇಂತಹ ತಪ್ಪಿಗೆ ಪಂಡಿತರು ನಗಬಹುದು, ಅಷ್ಟೇ. ಅಡುಗೆಮನೆಯಲ್ಲಿ ಹಾಗಲ್ಲ. ಅಲ್ಲಿ ಅದರ ಬೆಲೆಯನ್ನು ಮಕ್ಕಳ ಹಲ್ಲು, ಮುದುಕರ ಮೊಣಕಾಲು ತೆರುತ್ತವೆ.

ಮೊದಲು ನೀರನ್ನೇ ತೆಗೆದುಕೊಳ್ಳಿ. ಕುಷ್ಟಗಿ ಅಥವಾ ಯಲಬುರ್ಗಾ ಕಡೆಯ ಯಾವುದೇ ಹಳ್ಳಿಗೆ ಹೋಗಿ ಕೇಳಿದರೆ, "ನಮ್ಮ ಬೋರಿನ ನೀರು ಭಾಳ ಚಲೋ ಐತ್ರಿ, ಸವುಳು ಇಲ್ಲ, ಒಳ್ಳೆ ಸಿಹಿ ನೀರು" ಎಂಬ ಉತ್ತರ ಬರುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ನೀರು ಸಿಹಿಯಾಗಿಯೇ ಇರುತ್ತದೆ, ತಂಬಿಗೆಯ ತಳ ಕಾಣುವಷ್ಟು ತಿಳಿಯಾಗಿಯೂ ಇರುತ್ತದೆ. ಆದರೆ ಅವರು ಹೇಳಿದ್ದು ನೀರಿನ ರುಚಿಯನ್ನು, ನಾವು ಕೇಳಿದ್ದು ಅದರ ಶುದ್ಧತೆಯನ್ನು. ಹಳೆಯ ತರ್ಕಶಾಸ್ತ್ರಿಗಳಿಗೆ ವಾದದ ನಡುವೆ ಒಂದು ಲ್ಯಾಟಿನ್ ಪದ ಬಹಳ ಪ್ರಿಯವಾಗಿತ್ತು: 'ಡಿಸ್ಟಿಂಗ್ವೊ', ಅಂದರೆ 'ಬೇರ್ಪಡಿಸಿ ಹೇಳುತ್ತೇನೆ'. ಇಲ್ಲಿ ಆ ಪದವನ್ನು ಎರವಲು ಪಡೆಯೋಣ. ಸಿಹಿನೀರು ಎಂದರೆ ಉಪ್ಪಿನಂಶ ಕಡಿಮೆಯಿರುವ ನೀರು. ಇದನ್ನು ನಾಲಿಗೆ ಹೇಳುತ್ತದೆ. ತಿಳಿನೀರು ಎಂದರೆ ಮಣ್ಣು ಕಸರಿಲ್ಲದ ನೀರು. ಇದನ್ನು ಕಣ್ಣು ಹೇಳುತ್ತದೆ. ಶುದ್ಧ ನೀರು ಎಂದರೆ ಕುಡಿದವರಿಗೆ ಕೇಡು ಮಾಡದ ನೀರು. ಇದನ್ನು ನಾಲಿಗೆಯೂ ಹೇಳಲಾರದು, ಕಣ್ಣೂ ಹೇಳಲಾರದು.

ಏಕೆಂದರೆ ನಮ್ಮ ಭಾಗದ ನೀರಿನಲ್ಲಿ ಅಡಗಿರುವ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೆಲದಡಿಯ ಗ್ರಾನೈಟ್ ಜಾತಿಯ ಕಲ್ಲುಗಳಲ್ಲಿ ಫ್ಲೋರಿನ್ ಸೇರಿದ ಖನಿಜಗಳಿರುತ್ತವೆ. ಮಳೆನೀರು ಆ ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ. ಬೋರು ಆಳಕ್ಕೆ ಹೋದಷ್ಟೂ ಅಂತಹ ನೀರು ಸಿಗುವ ಸಂಭವ ಹೆಚ್ಚು. ಇನ್ನೊಂದು ವಿಚಿತ್ರವನ್ನು ಗಮನಿಸಿರಿ. ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಬಹಳ ಕರಗಿ ನಿಲ್ಲಲಾರದು. ಕ್ಯಾಲ್ಸಿಯಂ ಕಡಿಮೆಯಿದ್ದು ಕ್ಷಾರಗುಣವಿರುವ ಮೆತ್ತನೆಯ ನೀರಿನಲ್ಲಿ ಅದು ಹಾಯಾಗಿ ನಿಲ್ಲುತ್ತದೆ. ಆದುದರಿಂದ ಸಾಬೂನು ಚೆನ್ನಾಗಿ ನೊರೆ ಬರುತ್ತದೆ, ಬೇಳೆ ಬೇಗ ಬೇಯುತ್ತದೆ ಎಂದು ನಾವು ಹೊಗಳುವ ಬೋರಿನ ನೀರೇ ಈ ವಿಷಯದಲ್ಲಿ ಹೆಚ್ಚು ಸಂಶಯಕ್ಕೆ ಅರ್ಹವಾಗಿರಬಹುದು.

ಎಷ್ಟಿದ್ದರೆ ಕೇಡು? ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂ ವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಇದು ಎಷ್ಟು ಸಣ್ಣ ಮೊತ್ತವೆಂದರೆ, ಹದಿನೈದು ಲೀಟರಿನ ಒಂದು ಕೊಡದಲ್ಲಿ ಸುಮಾರು ಒಂದು ಅಕ್ಕಿಕಾಳಿನ ತೂಕದ ಆಸುಪಾಸು. ಅಷ್ಟು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಸೀಮೆಸುಣ್ಣದಂತಹ ಬಿಳಿ ಮಚ್ಚೆ, ಮುಂದೆ ಕಂದು ಪಟ್ಟೆಗಳು ಮೂಡುತ್ತವೆ. ಅಂಶ ಇನ್ನೂ ಹೆಚ್ಚಿದ್ದರೆ ದೊಡ್ಡವರ ಬೆನ್ನು, ಕುತ್ತಿಗೆ, ಕೀಲುಗಳು ಬಿಗಿಯುತ್ತವೆ. ಇದನ್ನು 'ವಾಯು' ಎಂದೋ 'ವಯಸ್ಸಾಯಿತು' ಎಂದೋ ಕರೆದು ಸುಮ್ಮನಾಗುತ್ತೇವೆ.

ಹಲ್ಲಿನ ವಿಷಯದಲ್ಲಿ ತಾಯಿತಂದೆಯರಲ್ಲಿ ಒಂದು ವಿನಂತಿ. ಫ್ಲೋರೈಡಿನ ಕಲೆ ಬೇರೆ, ಹೊಲಸು ಬೇರೆ, ಹುಳುಕು ಬೇರೆ. ಕಲೆ ಹಲ್ಲಿನ ಮೇಲೆ ಕುಳಿತದ್ದಲ್ಲ, ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಅದರ ಹೊದಿಕೆಯೊಳಗೆ ಸೇರಿದ್ದು. ಇದ್ದಿಲು, ಇಟ್ಟಿಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಅದು ಹೋಗದು. ಇದ್ದ ಹೊಳಪೂ ಸವೆದು ಹೋಗುತ್ತದೆ. ಶಾಲೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುವ ಹುಡುಗಿಯನ್ನು "ಹಲ್ಲು ತಿಕ್ಕೋದಿಲ್ಲೇನ" ಎಂದು ಗದರಿಸುವುದು ಅನ್ಯಾಯ. ಆಕೆ ತಿಕ್ಕಿದ್ದಾಳೆ. ಆ ಕಲೆ ಆಕೆ ನಾಲ್ಕು ವರ್ಷದ ಕೂಸಾಗಿದ್ದಾಗ ಊರು ಕೊಟ್ಟ ನೀರಿನದು.

ಇದರಿಂದಲೇ ಒಂದು ಉಪಯುಕ್ತ ಲೆಕ್ಕ ಸಿಗುತ್ತದೆ. ಶಾಶ್ವತ ಹಲ್ಲುಗಳ ಹೊದಿಕೆ ಕಟ್ಟುವುದು ಹುಟ್ಟಿನಿಂದ ಸುಮಾರು ಎಂಟು ವರ್ಷದೊಳಗೆ. ಘಟಕದಿಂದ ದಿನಕ್ಕೆ ಒಂದೇ ಕ್ಯಾನ್ ನೀರು ತರುವ ಶಕ್ತಿ ಮನೆಗಿದ್ದರೆ ಅದರ ಮೊದಲ ಪಾಲು ಸಣ್ಣ ಮಕ್ಕಳಿಗೆ ಸಲ್ಲಬೇಕು. ದುಡಿದು ಬಂದ ಗಂಡಸರಿಗೆ ಮೊದಲು ಎಂಬುದು ನಮ್ಮ ವಾಡಿಕೆ. ಈ ಒಂದು ವಿಷಯದಲ್ಲಾದರೂ ಅದನ್ನು ತಿರುಗಿಸಿರಿ. ಎದೆಹಾಲಿನಲ್ಲಿ ಫ್ಲೋರೈಡ್ ಅತ್ಯಲ್ಪ. ಆದರೆ ಡಬ್ಬಿಯ ಹಾಲಿನ ಪುಡಿಯನ್ನು ಬೋರಿನ ನೀರಿನಲ್ಲಿ ಕಲಸಿದರೆ ನೀರಿನಲ್ಲಿದ್ದುದೆಲ್ಲ ಕೂಸಿನ ಹೊಟ್ಟೆಗೇ ಹೋಗುತ್ತದೆ. ಹಲ್ಲುಜ್ಜುವ ಪೇಸ್ಟನ್ನು ಮಕ್ಕಳು ನುಂಗದಂತೆ ನೋಡಿಕೊಳ್ಳಿ. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ಷಿನ ಉದ್ದಕ್ಕೂ ಹಾಕಬೇಕಾಗಿಲ್ಲ, ಬಟಾಣಿ ಕಾಳಿನಷ್ಟು ಸಾಕು. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟೇ.

ಈಗ 'ಕುದಿಸುವುದು' ಎಂಬ ಮಾತಿಗೆ ಬರೋಣ. "ನಾವು ಕುದಿಸೇ ಕುಡೀತೀವ್ರಿ" ಎಂದು ಹೆಮ್ಮೆಯಿಂದ ಹೇಳುವ ಮನೆಗಳು ಬಹಳ. ಇಲ್ಲಿಯೂ ಡಿಸ್ಟಿಂಗ್ವೊ! ನಮ್ಮದು ಒಂದೇ ಜಿಲ್ಲೆ, ಆದರೆ ಎರಡು ನೀರು. ಗಂಗಾವತಿ, ಕಾರಟಗಿ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ ಹರಿಯುತ್ತದೆ. ನದಿಯ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಅಲ್ಲಿಯ ಶತ್ರು ರೋಗಾಣು. ದನ ಮೈ ತೊಳೆಯುವುದು, ಬಟ್ಟೆ ಒಗೆಯುವುದು, ಭತ್ತದ ಗದ್ದೆಯ ಬಸಿನೀರು ಸೇರುವುದು, ಎಲ್ಲವೂ ಅದರಲ್ಲೇ. ರೋಗಾಣುವಿಗೆ ಕುದಿಸುವುದೇ ಮದ್ದು: ನೀರು ಕೊತಕೊತನೆ ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿದರೆ ಸಾಕು. ಆದರೆ ಗದ್ದೆಗೆ ಹೊಡೆದ ಕ್ರಿಮಿನಾಶಕ ಕುದಿಸಿದರೂ ಹೋಗುತ್ತದೆಂದು ನಂಬಬೇಡಿ. ಗದ್ದೆಯಿಂದ ನೀರು ಬಸಿಯುವ ಕಡೆ ಕೊಡ ತುಂಬಲೇಬೇಡಿ.

ಕುಷ್ಟಗಿ, ಯಲಬುರ್ಗಾ ಕಡೆಯ ಬೋರಿನ ನೀರಿಗೆ ಲೆಕ್ಕವೇ ಬೇರೆ. ಕುದಿಸಿದರೆ ಆವಿಯಾಗಿ ಹೋಗುವುದು ನೀರು ಮಾತ್ರ, ಫ್ಲೋರೈಡ್ ತಳದಲ್ಲಿಯೇ ಉಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಇದ್ದ ನೀರನ್ನು ಕಾಲು ಭಾಗ ಆವಿಯಾಗುವಷ್ಟು ಕುದಿಸಿದರೆ ಉಳಿದದ್ದರಲ್ಲಿ ಅದು ಲೀಟರಿಗೆ 2 ಮಿಲಿಗ್ರಾಂ ಆಗುತ್ತದೆ. ಒಲೆಯ ಮೇಲೆ ಹೊತ್ತುಗಟ್ಟಲೆ ಕುದಿಯುವ ಚಹಾವನ್ನು ನೆನೆಯಿರಿ. ಚಹಾ ಸೊಪ್ಪಿನಲ್ಲಿಯೂ ಫ್ಲೋರೈಡ್ ಇರುತ್ತದೆ, ಅದೂ ಸೇರಿಕೊಳ್ಳುತ್ತದೆ. ಹಾಗೆಂದು ಬೋರಿನ ನೀರನ್ನು ಕುದಿಸಲೇಬೇಡಿ ಎಂದು ಅರ್ಥ ಮಾಡಿಕೊಳ್ಳಬಾರದು. ಭೇದಿ ಹಬ್ಬಿದಾಗ ರೋಗಾಣುವಿಗಾಗಿ ಕುದಿಸಲೇಬೇಕು. ಅದರಿಂದ ಫ್ಲೋರೈಡ್ ಹೋಯಿತೆಂದು ತಿಳಿಯಬಾರದು, ಅಷ್ಟೇ.

'ಫಿಲ್ಟರ್' ಎಂಬ ಒಂದೇ ಹೆಸರಿನಲ್ಲಿಯೂ ಹಲವು ವಸ್ತುಗಳಿವೆ. ಬಟ್ಟೆಯಲ್ಲಿ ಸೋಸುವುದು ಕಸಕ್ಕೆ. ಮೇಣದ ಬತ್ತಿಯಂತಹ ಬಿಳಿ ಕಡ್ಡಿಯಿರುವ ಸ್ಟೀಲ್ ಫಿಲ್ಟರ್ ಕೆಸರಿಗೆ ಮತ್ತು ಕೆಲವು ರೋಗಾಣುಗಳಿಗೆ. ಯು.ವಿ. ದೀಪದ ಯಂತ್ರ ರೋಗಾಣುವಿಗೆ ಮಾತ್ರ. ಇವು ಮೂರೂ ಫ್ಲೋರೈಡನ್ನು ಮುಟ್ಟುವುದಿಲ್ಲ. ಆರ್.ಓ. ಯಂತ್ರ ಅದನ್ನು ತೆಗೆಯುತ್ತದೆ; ಆದರೆ ಒಳಗಿನ ಪೊರೆಯನ್ನು ಕಾಲಕಾಲಕ್ಕೆ ಬದಲಿಸಿದರೆ ಮಾತ್ರ. ಊರ ಘಟಕದ ಪೊರೆಯನ್ನು ಕಡೆಯ ಬಾರಿ ಬದಲಿಸಿದ್ದು ಯಾವಾಗ ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ, ಕೇಳಿರಿ. ಕ್ಷೌರಿಕರ ಬಳಿ ಇರುವ ಆಲಂ ಹರಳನ್ನು ಕೊಡದಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ಕೆಸರು ತಳ ಸೇರುತ್ತದೆ, ನೀರು ತಿಳಿಯಾಗುತ್ತದೆ. ರೋಗಾಣು ಸಾಯುವುದಿಲ್ಲ, ಫ್ಲೋರೈಡ್ ಹೋಗುವುದಿಲ್ಲ. ಆಲಂ ಮತ್ತು ಸುಣ್ಣವನ್ನು ಸೇರಿಸಿ ಫ್ಲೋರೈಡ್ ತೆಗೆಯುವ 'ನಲ್ಗೊಂಡ ವಿಧಾನ'ವನ್ನು ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ್ದು ನಿಜ. ಅದಕ್ಕೆ ನೀರನ್ನು ಪರೀಕ್ಷಿಸಿ ಅಳತೆ ಕಟ್ಟಬೇಕು, ಕಣ್ಣಂದಾಜಿನಲ್ಲಿ ಮನೆಯಲ್ಲಿ ಮಾಡುವ ಕೆಲಸವಲ್ಲ. ಖರ್ಚಿಲ್ಲದ ಉಪಾಯವೆಂದರೆ ಮಳೆನೀರು. ಮೊದಲ ಮಳೆಯಲ್ಲಿ ಮಾಳಿಗೆ ತೊಳೆದು ಹೋಗಲಿ, ಮುಂದಿನ ಮಳೆಯದನ್ನು ಶುಭ್ರವಾದ ತೊಟ್ಟಿಯಲ್ಲಿ ಹಿಡಿದು, ಮುಚ್ಚಿಟ್ಟು, ಕುಡಿಯುವಾಗ ಕುದಿಸಿ ಬಳಸಿರಿ. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ.

ಕುಡಿಯುವ ನೀರು, ಅಡುಗೆ ನೀರು ಎಂಬ ಭೇದವೂ ಮೋಸದ್ದು. ಕ್ಯಾನ್ ನೀರು ಕುಡಿಯಲಿಕ್ಕೆ, ಬೋರಿನ ನೀರು ಅನ್ನಕ್ಕೆ, ಬೇಳೆಗೆ, ಹಿಟ್ಟು ನಾದಲಿಕ್ಕೆ ಎಂದು ಹಂಚುವ ಮನೆಗಳೇ ಹೆಚ್ಚು. ಅನ್ನ ಇಂಗಿಸಿಕೊಂಡ ನೀರೂ ಕುಡಿದ ನೀರೇ ತಾನೆ? ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಬೋರಿನ ನೀರನ್ನು ಧಾರಾಳವಾಗಿ ಬಳಸಬಹುದು. ಗಡಿಗೆಯೊಳಗೆ ಹೋಗುವುದು ಮಾತ್ರ ಒಳ್ಳೆಯ ನೀರಾಗಿರಲಿ.

ನಿಮ್ಮ ಊರಿನ ನೀರು ಹೇಗಿದೆಯೆಂದು ತಿಳಿಯುವುದು ಈಗ ಕಷ್ಟವಲ್ಲ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್ ಕೊಟ್ಟು ನೀರು ಪರೀಕ್ಷೆಯ ತರಬೇತಿ ನೀಡುವ ಏರ್ಪಾಡಿದೆ. ಗ್ರಾಮ ಪಂಚಾಯಿತಿಯಲ್ಲಿ ಆ ಐವರು ಯಾರೆಂದು ವಿಚಾರಿಸಿರಿ. ಒಂದೇ ಊರಿನ ಎರಡು ಬೋರುಗಳಲ್ಲಿ ಫ್ಲೋರೈಡ್ ಬೇರೆ ಬೇರೆ ಇರಬಹುದು, ಆದುದರಿಂದ ಪ್ರತಿ ಬೋರಿನದನ್ನೂ ಬೇರೆಯಾಗಿ ಪರೀಕ್ಷಿಸುವುದು ಒಳಿತು.

ನೀರಿನ ಮಾತೇ ಉದ್ದವಾಯಿತು. ಉಳಿದವುಗಳನ್ನು ಬೇಗ ಮುಗಿಸೋಣ.

ಸವುಳು ನೀರು ಬೇರೆ, ಗಡಸು ನೀರು ಬೇರೆ. ಸವುಳಿಗೆ ಕಾರಣ ಉಪ್ಪು. ಗಡಸಿಗೆ ಕಾರಣ ಕ್ಯಾಲ್ಸಿಯಂ, ಮೆಗ್ನೀಸಿಯಂ. ಗಡಸು ನೀರು ಕುಡಿದರೆ ಸಾಮಾನ್ಯವಾಗಿ ಕೇಡಿಲ್ಲ, ಸಾಬೂನು ದಂಡ ಮತ್ತು ಬೇಳೆ ಬೇಯುವುದಿಲ್ಲ. ಕುದಿಸಿ ಆರಿಸಿದರೆ ಗಡಸುತನದ ಒಂದು ಭಾಗ ಬಿಳಿ ಪದರವಾಗಿ ತಳ ಹಿಡಿಯುತ್ತದೆ. ಮೇಲಿನದನ್ನು ಬಗ್ಗಿಸಿಕೊಂಡು ಬೇಳೆಗೆ ಬಳಸಿರಿ. ತೊಗರಿಬೇಳೆಯನ್ನು ಮೊದಲೇ ನೆನೆಸಿದರೆ ಇನ್ನೂ ಸುಲಭ. ಪಾತ್ರೆಗೆ ಅಂಟಿದ ಆ ಬಿಳಿ ಪದರಕ್ಕೆ ಲಿಂಬೆರಸ ಅಥವಾ ಹುಣಸೆರಸ ಹಾಕಿ ಒಂದು ತಾಸು ಬಿಟ್ಟು ತಿಕ್ಕಿರಿ.

ಬೇಳೆ ಬೇಯಲೆಂದು ಸೋಡಾ ಹಾಕುವವರಿದ್ದಾರೆ. ಅದರಿಂದ ಬೇಳೆಯಲ್ಲಿರುವ ಬಿ-1 ಜೀವಸತ್ವ ನಾಶವಾಗುತ್ತದೆ, ಬಿಡುವುದೇ ಲೇಸು. ಅದಕ್ಕಿಂತ ದೊಡ್ಡ ಗೊಂದಲ ಅಂಗಡಿಯಲ್ಲಿ "ಸೋಡಾ ಕೊಡ್ರಿ" ಎಂದಷ್ಟೇ ಕೇಳುವುದರಲ್ಲಿದೆ. ಅಡುಗೆ ಸೋಡಾ ಬೇರೆ, ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಬೇರೆ. ಎರಡೂ ಬಿಳಿ ಪುಡಿ. ಮೊದಲನೆಯದು ಮಿರ್ಚಿ ಉಬ್ಬಲು ಚಿಟಿಕೆಯಷ್ಟು ಸಾಕು. ಎರಡನೆಯದು ಗಡಸು ನೀರಿನಲ್ಲಿ ಬಟ್ಟೆ ಒಗೆಯಲು ಬಹಳ ಒಳ್ಳೆಯದು, ಆದರೆ ಬಾಯಿ ಹೊಟ್ಟೆಗಳನ್ನು ಸುಡುವಷ್ಟು ಕ್ಷಾರ. ಪೂರ್ತಿ ಹೆಸರು ಹೇಳಿ ತನ್ನಿರಿ, ಬೇರೆ ಬೇರೆ ಡಬ್ಬಿಯಲ್ಲಿಟ್ಟು ಚೀಟಿ ಅಂಟಿಸಿರಿ. ಪಾಯಖಾನೆ ತೊಳೆಯುವ ಆಸಿಡ್ಡನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದಿಗೂ ಇಡಬೇಡಿ. ಬ್ಲೀಚಿಂಗ್ ಪುಡಿಯ ಜೊತೆ ಬೆರೆಸಲೇಬೇಡಿ, ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ.

ಕೊನೆಯದು ಓ.ಆರ್.ಎಸ್. 2023ರ ಬೇಸಿಗೆಯ ಕೊನೆಗೆ ನಮ್ಮ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ವಾಂತಿಭೇದಿಯಿಂದ ಸಾವುಗಳಾದದ್ದನ್ನು ನೀವು ಮರೆತಿರಲಾರಿರಿ. ಭೇದಿಯಲ್ಲಿ ಜೀವ ತೆಗೆಯುವುದು ಮೈಯಿಂದ ನೀರು, ಲವಣ ಹರಿದು ಹೋಗುವುದು. 1971ರ ಬಾಂಗ್ಲಾ ಯುದ್ಧದ ವೇಳೆ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಸಕ್ಕರೆಯಂಶ ಮತ್ತು ಲವಣಗಳ ನೀರನ್ನು ಬಾಯಿಂದಲೇ ಕುಡಿಸಿ ಅನೇಕರನ್ನು ಉಳಿಸಿದರು. ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

ಬರಿಯ ಗ್ಲೂಕೋಸ್ ಪುಡಿ ಓ.ಆರ್.ಎಸ್. ಅಲ್ಲ. ಅಂಗಡಿಯಲ್ಲಿ ಹಣ್ಣಿನ ರುಚಿಯ ಸಿಹಿ ಪಾನಕಗಳೂ ಆ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಅಂತಹವು ಓ.ಆರ್.ಎಸ್. ಎಂಬ ಹೆಸರು ಹಾಕಿಕೊಳ್ಳುವುದನ್ನು ನಿಷೇಧಿಸಿತು. ಸಕ್ಕರೆ ಹೆಚ್ಚಾದ ಪಾನಕ ಭೇದಿಯನ್ನು ಹೆಚ್ಚಿಸುತ್ತದೆ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿದೆಯೇ ನೋಡಿರಿ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿಲಿಲೀಟರಿಗೆ. ದೊಡ್ಡದನ್ನು ಒಂದು ಲೋಟದಲ್ಲಿ ಕಲಸಿದರೆ ಲವಣ ವಿಪರೀತವಾಗಿ ಕೂಸಿಗೆ ಅಪಾಯ. ಪೊಟ್ಟಣ ಸಿಗದ ಹೊತ್ತಿನಲ್ಲಿ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಎಲ್ಲವೂ ಸಮತಟ್ಟಾದ ಚಮಚ, ರಾಶಿ ಮಾಡಿದ್ದಲ್ಲ. ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಿ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಿರಿ, ಎದೆಹಾಲು ನಿಲ್ಲಿಸಬೇಡಿ. ಆಶಾ ಕಾರ್ಯಕರ್ತೆಯರು ಕೊಡುವ ಸತುವಿನ ಗುಳಿಗೆಯನ್ನು ಭೇದಿ ನಿಂತರೂ ಹದಿನಾಲ್ಕು ದಿನ ಮುಗಿಸಿರಿ. ಕೂಸಿನ ಕಣ್ಣು ಒಳಸೇರಿದರೆ, ಮಂಕಾಗಿ ಕುಡಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮನೆಮದ್ದಿಗೆ ಕಾಯದೆ ಆಗಲೇ ದವಾಖಾನೆಗೆ ಹೊರಡಿ. ದಾರಿಯಲ್ಲಿಯೂ ಚಮಚದಿಂದ ಕುಡಿಸುತ್ತಲೇ ಇರಿ.